ವೈಜನಾಥರಿಗಿಂತ ಮೊದಲೇ ಬಂದುಹೋದ ವೈಜನಾಥ

ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ವೈಜನಾಥ ಅಂತ ಒಬ್ಬರಿದ್ದರು. ಬೀದರ ಕಡೆಯವರು. ಒಂದು ಯಂತ್ರದ ಫ್ಯಾಕ್ಟರಿಯಲ್ಲಿ ಹತ್ತೊಂಬತ್ತು ವರ್ಷ ದುಡಿದು ಸ್ಟೋರ್ಸ್ ಮ್ಯಾನೇಜರ್ ಆಗಿದ್ದರು. 2005ರಲ್ಲಿ ಫ್ಯಾಕ್ಟರಿಗೆ ಬೀಗ ಬಿತ್ತು. ಊರ ತುಂಬ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ ಅದು. ಓಣಿಯ ಹುಡುಗರೆಲ್ಲ ಕೊರಳಿಗೆ ಕಾರ್ಡ್ ಹಾಕಿಕೊಂಡು ಬಸ್ ಹತ್ತುತ್ತಿದ್ದರು. ನಲವತ್ತಾರರ ವೈಜನಾಥ ಮನೆಯಲ್ಲಿ ಕುಳಿತಿದ್ದರು.

"ನಿಮ್ಮನಿಯವರು ಡ್ಯೂಟಿಗಿ ಹೋಗಂಗಿಲ್ಲೇನ್ರಿ?" ಅಂತ ಯಾರಾದರೂ ಕೇಳಿದರೆ ಹೆಂಡತಿ ಗಿರಿಜಾಬಾಯಿ, "ರಜಾ ಮ್ಯಾಲ ಅದಾರ್ರಿ" ಅನ್ನುತ್ತಿದ್ದರು. ಆ ರಜೆಗೆ ಏಳು ತಿಂಗಳಾಗಿತ್ತು.

ಒಂದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಮನೆಗೆ ಫೋನ್ ಬಂತು. ಗಿರಿಜಾಬಾಯಿ ಎತ್ತಿದರು. ಆ ಕಡೆಯ ಹುಡುಗಿ ಕೊಂಡಾಪುರದ ಒಂದು ಕಂಪನಿಯ ಹೆಸರು ಹೇಳಿ, "ವೈಜನಾಥ ಸಾಹೇಬರು ಇಂಟರ್‌ವ್ಯೂ ಮುಗಿಸಿ ಈಗಷ್ಟೇ ಹೋದರು. ಚಶ್ಮಾ ಇಲ್ಲೇ ಮರೆತಿದ್ದಾರೆ. ಮೊಬೈಲ್ ಹತ್ತುತ್ತಿಲ್ಲ. ಬಂದು ಒಯ್ಯಲಿಕ್ಕೆ ಹೇಳಿ" ಅಂದಳು.

ಗಿರಿಜಾಬಾಯಿ ತಿರುಗಿ ನೋಡಿದರು. ಗಂಡ ಚಶ್ಮಾ ಹಾಕಿಕೊಂಡು, ಸೋಫಾದ ಮೇಲೆ ಕೂತು ಪೇಪರ್ ಓದುತ್ತಿದ್ದರು.

"ಯಾರದು ಫೋನು?"

"ನಿಮ್ಮ ಚಶ್ಮಾ ಕೊಂಡಾಪುರದಾಗ ಐತಂತ್ರಿ. ನೀವು ಈಗರೆ ಅಲ್ಲಿಂದ ಎದ್ದು ಹೋದ್ರಂತ."

ವೈಜನಾಥ ಪೇಪರ್ ಮಡಚಿಟ್ಟು ಅಂಗಿ ತೊಟ್ಟರು. ಬಸ್ ಹಿಡಿದು ಕೊಂಡಾಪುರಕ್ಕೆ ಹೋದರು.

ಗೇಟಿನಲ್ಲಿ ಕಾವಲಿನವನು ರಿಜಿಸ್ಟರ್ ಮುಂದೆ ತಳ್ಳಿದ. ಪೆನ್ನು ಹಿಡಿದವರು ಹಾಗೇ ನಿಂತರು. ಐದು ಸಾಲು ಮೇಲೆ ಅವರ ಹೆಸರಿತ್ತು. ಅವರ ಫ್ಯಾಕ್ಟರಿಯ ಹೆಸರಿತ್ತು. ಬಂದ ಹೊತ್ತು ಒಂಬತ್ತೂ ನಲವತ್ತು. ಮುಂದೆ ಸಹಿ. ಕೊನೆಯ ಅಕ್ಷರದ ಬಾಲವನ್ನು ಕೆಳಗೆ ಎಳೆದ, ಅವರದೇ ಸಹಿ. ವೈಜನಾಥ ಅದರ ಕೆಳಗೆ ತಮ್ಮ ಸಹಿ ಹಾಕಿದರು. ಬಾಲ ಸೊಟ್ಟಗೆ ಹೋಯಿತು. ಎರಡನ್ನೂ ನೋಡಿದವರು ಇವರದ್ದನ್ನೇ ನಕಲಿ ಅನ್ನಬೇಕು, ಹಾಗಿತ್ತು.

ಒಳಗೆ ಜನಾರ್ದನ ರಾವ್ ಅನ್ನುವ ಅಧಿಕಾರಿ ಬಹಳ ಹೊತ್ತು ಇವರ ಮುಖ ನೋಡಿದರು. ಆಮೇಲೆ ಆ ಚಶ್ಮಾ, ಅದನ್ನು ಬಿಟ್ಟುಹೋದವನ ಬಯೋಡಾಟಾ ಎರಡನ್ನೂ ಇವರ ಮುಂದಿಟ್ಟರು. ಓದು, ನೌಕರಿ, ಊರು, ಮನೆಯ ಫೋನ್ ನಂಬರ್, ಎಲ್ಲ ವೈಜನಾಥರದ್ದೇ. ಮೊಬೈಲ್ ನಂಬರ್ ಮಾತ್ರ ಬೇರೆ. ಮೂಲೆಯಲ್ಲಿ ಅಂಟಿಸಿದ ಫೋಟೋದಲ್ಲಿ ಟೈ ಕಟ್ಟಿದ ಯಾರೋ ನಗುತ್ತಿದ್ದ.

"ನೀವೇ ವೈಜನಾಥ ಅಂತ ನಾನು ಹೆಂಗ ನಂಬಲಿ?" ಅಂದರು ರಾವ್.

ವೈಜನಾಥ ಹಳೆಯ ಫ್ಯಾಕ್ಟರಿ ಕಾರ್ಡ್ ತೋರಿಸಿದರು.

"ಅವರೂ ಇಂಥದ್ದೇ ತೋರಿಸಿದರು. ಹೋಗಲಿ, ಸ್ಟೋರ್ಸಿಗೆ ಬೆಂಕಿ ಬಿದ್ದಾಗ ನೀವು ಏನು ಮಾಡಿದಿರಿ, ಹೇಳಿ."

ವೈಜನಾಥ ಕಾರ್ಡನ್ನು ಜೇಬಿಗೆ ಹಾಕಿಕೊಂಡರು. "ಏನು ಮಾಡಬೇಕಿತ್ತೋ ಅದನ್ನ ಮಾಡಿದೆ, ಸಾರ್."

"ಅವರು ಹತ್ತು ನಿಮಿಷ ಹೇಳಿದರು," ಅಂದರು ರಾವ್. "ಆ ಹೊಗೆ ನನ್ನ ಮೂಗಿಗೆ ಬಂದಂಗಾಯ್ತು."

ಕೆಳಗಿಳಿಯುವಾಗ ಲಿಫ್ಟಿನ ಕನ್ನಡಿಯಲ್ಲಿ ವೈಜನಾಥ ತಮ್ಮ ಮುಖವನ್ನು ಮುಟ್ಟಿ ನೋಡಿಕೊಂಡರು.

ವೈಜನಾಥರ ಮನೆಯಿದ್ದ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ ಕಲಬುರಗಿಯ ಶೋಭಾ ಇದ್ದಳು. ಕಂಪನಿಯೊಂದರಲ್ಲಿ ಜನರನ್ನು ಕೆಲಸಕ್ಕೆ ಆರಿಸುವುದೇ ಅವಳ ಕೆಲಸ. ಸಂಜೆ ಗಿರಿಜಾಬಾಯಿ ಅವಳನ್ನು ಕರೆತಂದರು. ಶೋಭಾ ಎಲ್ಲ ಕೇಳಿ, "ಅಣ್ಣಾ, ಕಾಗದಪತ್ರ ಯಾರಿಗಿ ಕೊಟ್ಟಿದ್ರಿ?" ಅಂದಳು.

"ಹಿಮಾಯತ್‌ನಗರದಾಗ ಒಂದು ಕನ್ಸಲ್ಟೆನ್ಸಿಗಿ. ಭಾಳ ಛಲೋ ಮಂದಿ, ತಂಗಿ. ಒಂದು ಪೈಸಾ ಕೇಳಲಿಲ್ಲ."

"ಮತ್ತೇನು ಕೇಳಿದ್ರು?"

"ಸರ್ಟಿಫಿಕೇಟ್ ಝೆರಾಕ್ಸ್. ಕಾರ್ಡಿಂದು ಬಣ್ಣದ ಪ್ರತಿ. ಹತ್ತು ಫೋಟೋ. ಐದು ಖಾಲಿ ಫಾರ್ಮ್ ಮ್ಯಾಲ ಸಹಿ. ಆಮ್ಯಾಲ ನೌಕರಿಯೊಳಗ ನಡೆದದ್ದೆಲ್ಲ ಬರೀರಿ ಅಂದ್ರು. ನಾಲ್ಕು ಪುಟ ಬರದು ಕೊಟ್ಟೆ."

ಶೋಭಾ ಬಿಡಿಸಿ ಹೇಳಿದಳು: "ಅನುಭವ ಇಲ್ಲದವರಿಗಿ ಮತ್ತೊಬ್ಬರ ಹೆಸರು, ಅನುಭವ ಮಾರೋ ಮಂದಿ ಅದಾರಣ್ಣ. ರೊಕ್ಕ ಅವರು ಆ ಕಡೀಂದ ತಗೋತಾರ. ಮುಚ್ಚಿದ ಫ್ಯಾಕ್ಟರಿಯವರು ಅಂದ್ರ ಅವರಿಗಿ ಭಾಳ ಬೇಕು. ಫೋನ್ ಮಾಡಿ ಕೇಳಿದ್ರ ಅಲ್ಲಿ ಎತ್ತೋರು ಯಾರೂ ಇರಂಗಿಲ್ಲ."

ಮರುದಿನ ಮಧ್ಯಾಹ್ನ ವೈಜನಾಥ, ಶೋಭಾ ಇಬ್ಬರೂ ಹಿಮಾಯತ್‌ನಗರಕ್ಕೆ ಹೋದರು. ಸೀರೆ ಅಂಗಡಿಯ ಮೇಲಿನ ಆ ಕನ್ಸಲ್ಟೆನ್ಸಿಯ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಯಾರೂ ಇಲ್ಲ. ಮೇಜಿಲ್ಲ, ಬೋರ್ಡಿಲ್ಲ. ಫ್ಯಾನ್ ಮಾತ್ರ ತಿರುಗುತ್ತಿತ್ತು. ಫ್ಯಾನಿನ ಗಾಳಿಗೆ ನೆಲದ ಮೇಲೆ ಏನೋ ಸರಸರ ಸರಿದಾಡುತ್ತಿತ್ತು.

ವೈಜನಾಥ ಬಗ್ಗಿ ನೋಡಿದರು. ಫೋಟೋಗಳು. ನೂರಾರು. ನಲವತ್ತೈದು, ಐವತ್ತು ವಯಸ್ಸಿನ ಗಂಡಸರು, ಹೆಂಗಸರು, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ನೆಟ್ಟಗೆ ನೋಡುತ್ತಿದ್ದವರು. ಒಂದೊಂದರ ಹಿಂದೆಯೂ ಗೋಂದಿನ ಕಲೆ. ಬಯೋಡಾಟಾದಿಂದ ಕಿತ್ತು ಒಗೆದವು. ಕಿಟಕಿಯ ಹತ್ತಿರ ಅವರದೂ ಇತ್ತು. ಬೂಟಿನ ಗುರುತು ಹಣೆಯ ಮೇಲೆ ಬಿದ್ದಿತ್ತು.

"ಇವರೆಲ್ಲ ಈಗ ಎಲ್ಲಿರ್ತಾರ, ತಂಗಿ?" ಅಂದರು ವೈಜನಾಥ.

"ಮನ್ಯಾಗ. ಫೋನ್ ಬರತೈತಂತ ಕಾಯ್ಕೋತ ಕೂತಿರ್ತಾರ."

ಆ ಫೋಟೋಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟರು. ದೂರಿನ ಪ್ರತಿಯನ್ನು ಜನಾರ್ದನ ರಾವ್‌ಗೆ ಕಳಿಸಿದರು. ಫ್ಯಾಕ್ಟರಿಯ ಹಳೆಯ ಜನರಲ್ ಮ್ಯಾನೇಜರ್ ಕಾಶಿನಾಥರನ್ನು ಹುಡುಕಿ, ಇವರೇ ನಿಜವಾದ ವೈಜನಾಥ ಅಂತ ಒಂದು ಪತ್ರ ಬರೆಸಿಕೊಂಡರು. ರಾವ್ ಆ ಇನ್ನೊಬ್ಬನನ್ನು ಕೈಬಿಟ್ಟರು. ಇವರನ್ನೂ ಕರೆಯಲಿಲ್ಲ.

"ಕಳ್ಳ ನಿಮ್ಮ ಕಥಿ ನಿಮಗಿಂತ ಛಲೋ ಹೇಳ್ಯಾನ. ನನಗ ಅದ ಸಂಕಟ," ಅಂದಳು ಶೋಭಾ. "ಬೆಂಕಿ ಬಿದ್ದದ್ದು ಈಗ ನನಗ ಹೇಳ್ರಿ. ಏನಾಗಿತ್ತು, ನೀವೇನು ಮಾಡಿದ್ರಿ, ಅದರಿಂದ ಏನಾಯ್ತು. ಮೂರೇ ಮಾತು."

"ನಮ್ಮದು ನಾವ ಹೊಗಳ್ಕೊಳೋದು ಸರಿ ಕಾಣಂಗಿಲ್ಲ, ತಂಗಿ."

"ಹೊಗಳಬ್ಯಾಡ್ರಿ. ನಡೆದದ್ದು ಹೇಳ್ರಿ."

ವೈಜನಾಥ ತಡವರಿಸುತ್ತ ಶುರುಮಾಡಿದರು. ಎಣ್ಣೆಯ ಡಬ್ಬಿಗಳನ್ನು ಮೊದಲು ಹೊರಗೆ ಹಾಕಿಸಿದ್ದು, ಲೆಕ್ಕದ ಪುಸ್ತಕ ಸುಟ್ಟಿದ್ದರೂ ಯಾವ ಸಾಮಾನು ಎಲ್ಲಿತ್ತೆಂದು ನೆನಪಿನಿಂದ ಬರೆಸಿದ್ದು, ನಾಲ್ಕನೇ ದಿನ ಮಷಿನು ಮತ್ತೆ ತಿರುಗಿದ್ದು. ಗಿರಿಜಾಬಾಯಿ ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳುತ್ತಿದ್ದರು.

"ಇಷ್ಟೆಲ್ಲ ಆಗಿತ್ತೇನ್ರಿ?" ಅಂದರು. "ಆವತ್ತು ಮನಿಗಿ ಬಂದು ಅಂಗಿ ಒಗಿಯಾಕ ಹಾಕು ಅಂದ್ರಿ, ಅಷ್ಟ."

"ಅಣ್ಣಾ, ಬೇಕಾದದ್ದು ಬೇಕಾದಾಗ ಇರೂವಂಗ ನೋಡ್ಕೊಳ್ಳೋದು ನಿಮ್ಮ ಕೆಲಸ," ಅಂದಳು ಶೋಭಾ. "ಕೊಂಡಾಪುರದಾಗೂ ಜನರೇಟರಿಗಿ ಡೀಸೆಲ್ ಬೇಕು, ಕ್ಯಾಂಟೀನ್ ನಡೀಬೇಕು, ಸಾವಿರ ಮಂದಿಗಿ ಗಾಡಿ ಬೇಕು. ನೀವು ಕಂಪ್ಯೂಟರ್ ಬರಂಗಿಲ್ಲಂತ ಹೆದರಾಕತ್ತೀರಿ. ಪರಿಚಯದವರನ್ನ ಕೇಳ್ರಿ."

"ಕೆಲಸ ಕೇಳೋದಂದ್ರ ಜೋಳಗಿ ಹಿಡದಂಗ."

"ಕೆಲಸ ಕೇಳಬ್ಯಾಡ್ರಿ, ಸುದ್ದಿ ಕೇಳ್ರಿ. ನಿಮ್ಮಲ್ಲಿ ಈ ಕೆಲಸ ಯಾರು ಮಾಡ್ತಾರ, ಅವರಿಗಿ ಏನು ಗೊತ್ತಿರಬೇಕು, ಅಷ್ಟ. ಸುದ್ದಿ ಕೇಳಿದ್ರ ಯಾರೂ ಬಾಗಲಾ ಮುಚ್ಚಂಗಿಲ್ಲ."

ಮೊದಲು ಬಾಯಿಬಿಟ್ಟವರು ಗಿರಿಜಾಬಾಯಿ. ಮರುದಿನ ಮೆಟ್ಟಿಲ ಮೇಲೆ ಕೇಳಿದವರಿಗೆ, "ಫ್ಯಾಕ್ಟರಿ ಬಂದ್ ಆತ್ರಿ. ನಮ್ಮನಿಯವರು ಆಫೀಸ್ ನಡಸೋ ಕೆಲಸ ಹುಡುಕಾಕತ್ತ್ಯಾರ" ಅಂದರು. ಕೇಳಿದಾಕೆಯ ತಮ್ಮ ಕಂಪನಿಗಳಿಗೆ ಗಾಡಿ ಕಳಿಸುವವನು. ವೈಜನಾಥ ಅವನಲ್ಲಿಗೆ ಹೋದರು. ಅವನು ಇನ್ನೊಬ್ಬರ ಹೆಸರು ಹೇಳಿದ. ಹೀಗೆ ಹದಿನೇಳು ಜನರನ್ನು ಕಂಡರು. ಹದಿನೆಂಟನೆಯವರು ಕೂರಿಸಿಕೊಂಡು ಬೆಂಕಿಯ ಕಥೆ ಕೇಳಿದರು, ಕಾಶಿನಾಥರಿಗೆ ಫೋನ್ ಮಾಡಿದರು, ಕೆಲಸ ಕೊಟ್ಟರು. ಸಂಬಳ ಮೊದಲಿಗಿಂತ ಕಡಿಮೆ. ವೈಜನಾಥ ಒಪ್ಪಿಕೊಂಡರು.

ಆ ಇನ್ನೊಬ್ಬ ವೈಜನಾಥ ಪೊಲೀಸರಿಗೆ ಸಿಗಲೇ ಇಲ್ಲ. ಯಾವುದೋ ಊರಲ್ಲಿ, ಯಾವುದೋ ಆಫೀಸಿನಲ್ಲಿ, ಇವತ್ತೂ ಅದೇ ಸಹಿ ಹಾಕುತ್ತಿರಬಹುದು.

ಓದುತ್ತಿರುವ ಅಣ್ಣಾ, ಅಕ್ಕಾ, ನೀವೂ ಇಂಥ ರಜೆಯಲ್ಲಿದ್ದರೆ ಕೇಳಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಕೊಡುವ ಪ್ರತಿಯೊಂದು ಝೆರಾಕ್ಸಿನ ಮೇಲೂ ಯಾವ ಕೆಲಸಕ್ಕೆ, ಯಾವ ತಾರೀಖು ಅಂತ ಅಡ್ಡ ಬರೆದು ಕೊಡಿ. ಯಾರಿಗೆ ಏನು ಕೊಟ್ಟಿರಿ ಅಂತ ಗುರುತು ಹಾಕಿಡಿ. ನಿಮ್ಮ ಪರ ಮಾತಾಡುವ ಇಬ್ಬರು ಹಳೆಯ ಅಧಿಕಾರಿಗಳ ಸಂಪರ್ಕ ಬಿಡಬೇಡಿ. ಮತ್ತೆ, ನೀವು ಮಾಡಿದ ಕೆಲಸವನ್ನು ಇವತ್ತೇ ಮನೆಯವರ ಮುಂದೆ ಕೂತು ನಿಮ್ಮ ಬಾಯಿಂದ ಹೇಳಿ. ನೀವು ಹೇಳದಿದ್ದರೆ, ಅದನ್ನು ಹೇಳಿಕೊಂಡು ತಿರುಗುವವರು ಬೇರೆ ಇದ್ದಾರೆ.