ಮುಂದಿಟ್ಟ ಗಡಿಯಾರ

ಮತ್ತೆ ಅದೇ ಕತೆ. ಏಳನೇ ಹಾಸಿಗೆಯಲ್ಲಿ ಇಬ್ಬರು ರೋಗಿಗಳು! ನಳಿನಾಕ್ಷಿ ಕಂಪ್ಯೂಟರಿನ ಪರದೆಯನ್ನು ದುರುಗುಟ್ಟಿ ನೋಡಿದಳು. ಕಾರ್ಕಳದ ನರ್ಸಿಂಗ್ ಹೋಮಿನ ಡಾಕ್ಟರು ನಾಳೆ ಬೆಳಿಗ್ಗೆ ಮಣಿಪಾಲದ ಅವಳ ಈ ಆಫೀಸಿಗೇ ಬಂದು, ರೋಗಿಗಳ ಲೆಕ್ಕ ಇಡುವ ಪ್ರೋಗ್ರಾಮ್ ನೋಡುವವರಿದ್ದರು. ಅವರು ಒಪ್ಪದಿದ್ದರೆ ಇಲ್ಲಿನ ಮೂರು ಯಂತ್ರಗಳಿಗೂ ಮೂರು ಜನರಿಗೂ ಬೇರೆ ಕೆಲಸವಿಲ್ಲ.

ಇಡೀ ಪ್ರೋಗ್ರಾಮನ್ನು ಪ್ರತಿ ಸಲವೂ ಕಂಪೈಲ್ ಮಾಡಲು, ಎಂದರೆ ಯಂತ್ರ ನಡೆಸಬಲ್ಲ ರೂಪಕ್ಕೆ ತರಲು, ಹೋದರೆ ಅರ್ಧ ದಿನ ಹೋಗುತ್ತದೆ. ಆದ್ದರಿಂದ ನಳಿನಾಕ್ಷಿ ಅದನ್ನು ತುಂಡು ಮಾಡಿ ಮೂವರಿಗೂ ಹಂಚಿದ್ದಳು. ಯಾರು ಏನು ತಿದ್ದಿದರೂ ಫ್ಲಾಪಿಯಲ್ಲಿ ಅವಳ ಯಂತ್ರಕ್ಕೆ ತಂದುಕೊಟ್ಟರಾಯಿತು. ಅವಳು ಬರೆದಿಟ್ಟ ಆಜ್ಞೆಗಳು ತಾವಾಗಿಯೇ ಓಡಿ, ಹಿಂದಿನ ಕಂಪೈಲಿನ ನಂತರ ತಿದ್ದಿದ ತುಂಡನ್ನು ಮಾತ್ರ ಹೊಸತಾಗಿ ಮಾಡಿ, ಉಳಿದದ್ದನ್ನು ಇದ್ದ ಹಾಗೆಯೇ ಜೋಡಿಸುತ್ತಿದ್ದವು. ಆ ಏರ್ಪಾಡಿನ ಮೇಲೆ ಅವಳಿಗೆ ಹೆತ್ತ ಮಗುವಿನಷ್ಟು ಮಮತೆ. ವಿಚಿತ್ರವೆಂದರೆ ಬೆಳಿಗ್ಗೆ ಚಹಾ ಕುಡಿದು ನಿಧಾನವಾಗಿ ತಿದ್ದಿಕೊಟ್ಟದ್ದೆಲ್ಲ ಸರಿಯಾಗಿ ಕೂತಿತ್ತು. ನಾಲ್ಕು ಗಂಟೆಯಿಂದೀಚೆಗೆ ಅವಳು ಅವಸರ ಮಾಡಿದಷ್ಟೂ ಹಾಸಿಗೆಯ ಆ ಇಬ್ಬರು ಕದಲಲಿಲ್ಲ.

ಹಾಸಿಗೆಯ ಭಾಗ ಬರೆದವನು ಶಿರ್ವದ ಲಿಯೋನೆಲ್. ಕೆಲಸಕ್ಕೆ ಸೇರಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಪ್ರತಿ ಸಲವೂ ಅವಳು ಕೂಗಿದ ಕೂಡಲೇ ತಿದ್ದಿ, ಫ್ಲಾಪಿ ಹಿಡಿದುಕೊಂಡು ಓಡಿ ಬರುತ್ತಿದ್ದ. ಈ ಸಲ ಅವಳ ಪಿತ್ತ ನೆತ್ತಿಗೇರಿತು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನೀನು ತಿದ್ದಲೇ ಇಲ್ಲ. ಸುಳ್ಳು ಹೇಳುವವರ ಜೊತೆ ನನಗೆ ಕೆಲಸ ಮಾಡ್ಲಿಕ್ಕೆ ಆಗುವುದಿಲ್ಲ. ನಾಳೆಯಿಂದ ಬರ್ಬೇಡ."

"ನಾನು ತಿದ್ದಿದ್ದೇನೆ" ಎಂದ ಲಿಯೋನೆಲ್. ಬುತ್ತಿಯ ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದು ಹೋದ. ಮೂರನೇ ಯಂತ್ರದ ಮುಂದಿದ್ದ ವೆರೊನಿಕಾ ತಲೆ ಎತ್ತಲಿಲ್ಲ.

ಇನ್ನು ತಾನೇ ತಿದ್ದುವುದೆಂದು ನಳಿನಾಕ್ಷಿ ಅವನ ಫೈಲನ್ನು ತೆರೆದಳು. ತಿದ್ದುಪಡಿ ಅಲ್ಲೇ ಇತ್ತು, ಅಚ್ಚುಕಟ್ಟಾಗಿ. ಫೈಲುಗಳ ಮೇಲೆ ಯಂತ್ರ ಹಾಕಿದ್ದ ಹೊತ್ತು ನೋಡಿದಳು; ಯಾವುದು ಹೊಸತೆಂದು ಅವಳ ಆಜ್ಞೆಗಳು ತಿಳಿಯುತ್ತಿದ್ದದ್ದು ಅದರಿಂದಲೇ. ಅವನು ತಿದ್ದಿದ್ದು ನಾಲ್ಕು ಹತ್ತಕ್ಕೆ. ಅದಕ್ಕೂ ಮೊದಲು ಅವಳ ಯಂತ್ರ ಮಾಡಿಟ್ಟಿದ್ದ ಹಳೆಯ ತುಂಡಿನ ಮೇಲೆ ನಾಲ್ಕು ಇಪ್ಪತ್ತು ಎಂದಿತ್ತು. ಗೋಡೆಯ ಗಡಿಯಾರದಲ್ಲಾದರೆ ನಾಲ್ಕೂಕಾಲು ಆಗಷ್ಟೇ ದಾಟಿತ್ತು.

ಆರಿಸಿದರೆ ಈ ಯಂತ್ರಗಳಿಗೆ ಹೊತ್ತು ನೆನಪಿರುವುದಿಲ್ಲ. ದಿನಾ ಬೆಳಿಗ್ಗೆ ಗಂಟೆ ಎಷ್ಟೆಂದು ಕೇಳುತ್ತವೆ. ಲಿಯೋನೆಲ್, ವೆರೊನಿಕಾ ಗೋಡೆ ನೋಡಿ ಒತ್ತುತ್ತಿದ್ದರು. ನಳಿನಾಕ್ಷಿ ತನ್ನ ಕೈ ನೋಡಿ ಒತ್ತುತ್ತಿದ್ದಳು. ಕಟಪಾಡಿಯ ಬಸ್ಸು ತಪ್ಪಬಾರದೆಂದು ಕಾಲೇಜಿನ ದಿನಗಳಿಂದಲೂ ಕಾಲು ಗಂಟೆ ಮುಂದಿಟ್ಟುಕೊಂಡಿದ್ದ ವಾಚು ಅದು. ಪಾಪ, ಆ ಹುಡುಗ ಬೇಗ ಬೇಗ ತಿದ್ದಿದಷ್ಟೂ ಅವಳ ಯಂತ್ರ ಅದನ್ನು ಹಳೆಯದೆಂದು ಬದಿಗೆ ತಳ್ಳಿತ್ತು.

ಶಿರ್ವದ ಬಸ್ಸು ನಾಲ್ಕೂವರೆಗೆ. ಅವಳ ವಾಚಿನ ಪ್ರಕಾರ ಅದು ಹೋಗಿಯಾಗಿತ್ತು. ನಳಿನಾಕ್ಷಿ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಓಡಿದಳು.

ಬಸ್ಸು ನಿಂತಿತ್ತು. ಲಿಯೋನೆಲ್ ಕಿಟಕಿಯ ಬದಿಯಲ್ಲಿ ಕೂತಿದ್ದ. ಅವಳು ಏದುಸಿರು ಬಿಡುತ್ತಲೇ ಕೇಳಿದಳು:

"ಗಂಟೆ ಎಷ್ಟಾಯ್ತು, ಲಿಯೋನೆಲ್?"

ಅವನು ಅವಳ ಕೈಯಲ್ಲಿದ್ದ ವಾಚನ್ನೇ ನೋಡಿದ. ಆಮೇಲೆ ತನ್ನದನ್ನು ನೋಡಿ, "ನಾಲ್ಕು ಇಪ್ಪತ್ತೆಂಟು" ಎಂದ.

ಅವನ ಕಣ್ಣೆದುರೇ ಅವಳು ವಾಚಿನ ಕೀಲಿ ಎಳೆದು ಮುಳ್ಳನ್ನು ಹಿಂದಕ್ಕೆ ತಿರುಗಿಸಿದಳು. "ತಪ್ಪು ಇದರಲ್ಲಿ ಉಂಟು. ನೀನು ಮಾಡಿದ್ದು ಸರಿ ಉಂಟು. ಇಳಿ ಮಾರಾಯ."

ಕಂಡಕ್ಟರ್ ಸೀಟಿಯನ್ನು ಬಾಯಿಗಿಟ್ಟ. ಲಿಯೋನೆಲ್ ಬುತ್ತಿಯ ಡಬ್ಬಿಯನ್ನು ಕಿಟಕಿಯಿಂದ ಅವಳ ಕೈಗೆ ಕೊಟ್ಟು, ನಿಂತಿದ್ದ ಜನರ ನಡುವೆ ಬಾಗಿಲಿನ ಕಡೆಗೆ ನುಸುಳತೊಡಗಿದ.