ಇಸ್ತ್ರಿ ಅಕ್ಕನ ಕಾರ್ಡಿನಲ್ಲಿ ನನ್ನ ಮುಖ

ನನ್ನ ಅಣ್ಣನಿಗೆ ನನ್ನ ಮುಖ ಗೊತ್ತಿಲ್ಲ. ಸಿಟ್ಟಿಗೆ ಹೇಳುತ್ತಿರುವ ಮಾತಲ್ಲ ಇದು. ಸರ್ಕಾರಿ ಮೊಹರು ಬಿದ್ದ ಸಾಕ್ಷಿಯೇ ಇದೆ.

ನಮ್ಮದು ಗುರುತಿನ ಕಾರ್ಡಿಗೆ ಫೋಟೊ ತೆಗೆಯುವ ಸ್ಟುಡಿಯೊ. ಪರವಾನಗಿ ಅಣ್ಣನ ಹೆಸರಿನಲ್ಲಿ, ದುಡಿಮೆ ನನ್ನದು. ಒಂದು ಬಿಳಿ ಪರದೆ, ಒಂದು ಸ್ಟೂಲು, ಎರಡು ದೀಪ. ನಾನು ಫೋಟೊ ತೆಗೆದು ಪ್ರಿಂಟ್ ಹಾಕುತ್ತೇನೆ. ಅಣ್ಣ ಅದನ್ನು ಕತ್ತರಿಸಿ, ಲಕೋಟೆಗೆ ಹಾಕಿ, ಅಂಟಿಸಿ, ಮೇಲೆ ಸ್ಟುಡಿಯೊದ ಸೀಲು ಒತ್ತುತ್ತಾನೆ. ಆ ಲಕೋಟೆಯನ್ನು ಗಿರಾಕಿ ಒಡೆಯುವಂತಿಲ್ಲ, ಕಚೇರಿಯವರೇ ಒಡೆಯಬೇಕು. ಮಧ್ಯೆ ಯಾರೂ ಫೋಟೊ ಬದಲಾಯಿಸಬಾರದೆಂದು ಮಾಡಿದ ನಿಯಮವಂತೆ. ಎಂಥ ಬುದ್ಧಿವಂತರು!

ರಜೆಯ ದಿನ ಬಾಗಿಲು ಎಳೆದುಕೊಂಡು ಆ ಸ್ಟೂಲಿನ ಮೇಲೆ ನಾನೇ ಕೂರುತ್ತಿದ್ದೆ. ಆ ವಾರ ಬಂದುಹೋದ ಹೆಂಗಸರಲ್ಲಿ ಒಬ್ಬಳನ್ನು ಆರಿಸಿ, ಅವಳಂತೆ ಬಟ್ಟೆ ತೊಟ್ಟು, ಅವಳಂತೆ ತಲೆ ಬಾಚಿ, ಕ್ಯಾಮೆರಾದ ಟೈಮರ್ ಒತ್ತಿ ಓಡಿಬಂದು ಕೂರುವುದು. ನರ್ಸು, ಪೊಲೀಸಿನವಳು, ಸೈನಿಕನ ವಿಧವೆ, ಕಾಲೇಜು ಹುಡುಗಿ. ಮೂರು ವರ್ಷದಲ್ಲಿ ಮೂವತ್ತೊಂದು ಜನ ಆಗಿದ್ದರು, ಎಲ್ಲರೂ ಕಾರ್ಡಿನ ಅಳತೆಯಲ್ಲೇ. ಸರಣಿಗೆ ‘ಈ ದೇಶದವಳು’ ಎಂದು ಹೆಸರಿಟ್ಟಿದ್ದೆ. ದೇಶ ಹೆಣ್ಣನ್ನು ಹೇಗೆ ನೋಡುತ್ತದೆ ಎಂದು ದೇಶಕ್ಕೇ ತೋರಿಸಬೇಕೆಂಬ ಹಟ ನನ್ನದು. “ಮಾಡೋಕೆ ಕೆಲಸ ಇಲ್ಲ ಇವಳಿಗೆ” ಎನ್ನುತ್ತಿದ್ದ ಅಣ್ಣ ಒಂದನ್ನೂ ಕಣ್ಣೆತ್ತಿ ನೋಡಿರಲಿಲ್ಲ.

ಮೊನ್ನೆ ಬೆಳಿಗ್ಗೆ ಪಕ್ಕದ ಬೀದಿಯ ಇಸ್ತ್ರಿ ಅಂಗಡಿಯ ಅಕ್ಕ ದಡದಡನೆ ಬಂದು ತನ್ನ ಹೊಸ ಕಾರ್ಡನ್ನು ಕೌಂಟರಿನ ಮೇಲೆ ಕುಕ್ಕಿದಳು.

“ಯಾರಪ್ಪಾ ಇವಳು?”

ಅಣ್ಣ ಕನ್ನಡಕ ಏರಿಸಿ ನೋಡಿದ. “ಯಾರು ಅಂದ್ರೆ? ನೀವೇ ಅಲ್ವಾ!”

“ನನ್ನ ಮುಖ ನನಗೆ ಗೊತ್ತಿಲ್ವಾ? ಮಗಳಿಗೆ ದಿನ ತುಂಬಿದೆ, ಗಡಿ ಆಚೆ ಒಬ್ಬಳೇ ಇದ್ದಾಳೆ. ಡಾಕ್ಟ್ರು ಇನ್ನು ಎಂಟೇ ದಿನ ಅಂದಿದ್ದಾರೆ. ಇದನ್ನ ಹಿಡ್ಕೊಂಡು ಹೋದ್ರೆ ಗಡೀಲಿ ನನ್ನ ಬಿಡ್ತಾರಾ?”

ಬಗ್ಗಿ ನೋಡಿದೆ. ಬೂದು ಶಾಲು, ಪೌಡರು ಬಳಿದು ಮಾಡಿದ ನರೆಗೂದಲು, ಕಣ್ಣ ಕೆಳಗೆ ಕಾಡಿಗೆ ಒರೆಸಿ ಮಾಡಿದ ಕಪ್ಪು. ಈ ಅಕ್ಕನನ್ನೇ ನೋಡಿ ಮಾಡಿದ ನನ್ನ ಮೂವತ್ತೊಂದನೆಯವಳು, ಇಡೀ ಸರಣಿಯಲ್ಲಿ ನನಗೆ ಅತಿ ಇಷ್ಟವಾದವಳು. ಕತ್ತರಿಸುವ ಮೇಜಿನ ಮೇಲೆ ಅಕ್ಕನ ಪ್ರಿಂಟಿನ ಪಕ್ಕದಲ್ಲೇ ಅದನ್ನೂ ಒಣಗಲು ಬಿಟ್ಟಿದ್ದೆ. ಅಣ್ಣ ಲಕೋಟೆಗೆ ಹಾಕಿದ್ದು ಅದನ್ನೇ.

“ಅಣ್ಣಾ, ಅದು ನಾನು.”

“ಎಲ್ಲಿ?”

“ಕಾರ್ಡಲ್ಲಿ!”

ಅವನು ಕಾರ್ಡು ನೋಡಿದ, ನನ್ನನ್ನು ನೋಡಿದ, ಮತ್ತೆ ಕಾರ್ಡು ನೋಡಿದ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನಾವು. ಆಮೇಲೆ ನನ್ನನ್ನು ಪರದೆಯ ಹಿಂದಕ್ಕೆ ಎಳೆದು, “ಬಾಯಿ ಮುಚ್ಕೊಂಡಿರು. ಕಚೇರಿಯವರ ತಪ್ಪು ಅಂತ ಹೇಳೋಣ. ನೀನು ವೇಷ ಹಾಕಿದ್ದು ಗೊತ್ತಾದ್ರೆ ಪರವಾನಗಿ ಹೋಗುತ್ತೆ, ಬೀದಿಗೆ ಬೀಳ್ತೀವಿ” ಎಂದು ಹಲ್ಲು ಕಡಿದ.

ಅವನ ಮಾತು ಕೇಳಲಿಲ್ಲ. ಅಕ್ಕನ ಜೊತೆ ನಾನೇ ಕಚೇರಿಗೆ ಹೋದೆ. ಕಿಟಕಿಯ ಗುಮಾಸ್ತ ಕಾರ್ಡನ್ನೂ ಅಕ್ಕನನ್ನೂ ನೋಡಿ, “ಸರಿಯಾಗೇ ಇದೆಯಲ್ಲಮ್ಮಾ! ಫೋಟೋದಲ್ಲಿ ಎಲ್ರೂ ಸ್ವಲ್ಪ ಬೇರೆ ಥರಾನೇ ಕಾಣ್ತಾರೆ. ಬೇಡ ಅಂದ್ರೆ ಹೊಸ ಅರ್ಜಿ ಹಾಕಿ. ನಲವತ್ತು ದಿನ” ಎಂದ.

“ನಲವತ್ತು ದಿನಕ್ಕೆ ನನ್ನ ಮಗಳು ಬಾಣಂತನ ಮುಗಿಸಿರ್ತಾಳೆ ಕಣಪ್ಪಾ!”

“ಅದು ನನ್ನ ಫೋಟೊ” ಎಂದೆ. ಯಾರೂ ನಂಬಲಿಲ್ಲ. ಕೊನೆಗೆ ಮೊಬೈಲ್ ತೆಗೆದು ಮೂವತ್ತೊಂದನ್ನೂ ತೋರಿಸಬೇಕಾಯಿತು. ನನ್ನ ಮೊದಲ ಪ್ರದರ್ಶನ ಆ ಕಿಟಕಿಯಲ್ಲಿ ನಡೆಯಿತು, ನನ್ನ ಹಣೆಬರಹ. ಗುಮಾಸ್ತರು ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ಕಿಸಕ್ಕೆಂದರು. “ಪೊಲೀಸ್ ವೇಷ ಚೆನ್ನಾಗಿ ಒಪ್ಪುತ್ತೆ ರೀ ನಿಮಗೆ!” ಮೇಲಧಿಕಾರಿ ಎದ್ದು ಬಂದ. “ದೇಶದ ಹೆಣ್ಣುಮಕ್ಕಳನ್ನ ಅಣಕಿಸ್ತೀರಾ? ನಾಚಿಕೆ ಆಗಲ್ವಾ?”

“ನನಗ್ಯಾಕೆ ನಾಚಿಕೆ? ನನ್ನ ಮುಖ ನೋಡಿ ಇವರೇ ಅಂತ ಮೊಹರು ಹೊಡೆದೋರು ನೀವು!”

ಅಂದುಬಿಟ್ಟೆ, ಹೊಟ್ಟೆ ತಣ್ಣಗಾಯಿತು. ಅವನು ಒಂದು ಹಾಳೆ ತಳ್ಳಿದ. ನಾನು ತಪ್ಪೊಪ್ಪಿಕೊಂಡು ಬರೆದುಕೊಟ್ಟರೆ ಅಕ್ಕನಿಗೆ ಮೂರು ದಿನದಲ್ಲಿ ಬೇರೆ ಕಾರ್ಡು, ನಮ್ಮ ಪರವಾನಗಿ ಅಲ್ಲಿಗೇ ರದ್ದು. ಸಹಿ ಹಾಕಿದೆ. ಒಳ್ಳೆಯತನದಿಂದ ಹಾಕಿದೆ ಎಂದು ಜಂಬ ಕೊಚ್ಚುವುದಿಲ್ಲ. ಅಣ್ಣನ ಮೇಲಿನ ಸಿಟ್ಟೂ ಅದರಲ್ಲಿತ್ತು.

ಹೊಸ ಫೋಟೊ ಅಲ್ಲೇ ತೆಗೆಯುತ್ತೇವೆಂದು ನಮ್ಮನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. “ಕೊಡು ಇಲ್ಲಿ, ನಾನೂ ನೋಡ್ತೀನಿ” ಎಂದು ಅಕ್ಕ ಕೈ ಚಾಚಿದಳು. ಮೊಬೈಲ್ ಕೊಟ್ಟು, ಹೊಗಳುತ್ತಾಳೆಂದು ಕಾದೆ. ಅವಳಿಗಾಗಿ ಅಂಗಡಿಯನ್ನೇ ಕಳೆದುಕೊಂಡವಳಲ್ಲವೇ ನಾನು! ಅವಳು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದಳು.

“ಇದು ನಾನಾ?”

“ಹೌದಕ್ಕಾ.”

“ಸಾವಿನ ಮನೆಯಿಂದ ಎದ್ದು ಬಂದೋಳ ಥರ ಇದ್ದಾಳಲ್ಲೇ!”

“ದಿನವೆಲ್ಲ ನಿಂತು ಇಸ್ತ್ರಿ ಮಾಡಿ ದಣಿದಿರೋ ಹೆಂಗಸು ಅಂತ...”

“ದಣಿದಿದ್ದೆ ಅಂತ ನಿನಗ್ಯಾರು ಹೇಳಿದ್ರು?” ಅವಳ ದನಿ ಏರಿತು. “ಅಜ್ಜಿ ಆಗ್ತೀನಿ ಅನ್ನೋ ಖುಷೀಲಿ ಅವತ್ತು ಅಂಗಡಿ ಮುಚ್ಚಿ ಓಡಿ ಬಂದಿದ್ದೆ. ಸ್ಟೂಲ್ ಮೇಲೆ ಕೂತ್ರೂ ನಗು ತಡೆಯೋಕಾಗ್ಲಿಲ್ಲ. ನಗಬೇಡಿ, ನಗಬೇಡಿ ಅಂತ ಮೂರು ಸಲ ಗದರಿದ್ದು ಯಾರೇ?”

“ಅದು ನಿಯಮ ಅಕ್ಕಾ. ನಕ್ಕರೆ ಕಚೇರಿಯವರು ಫೋಟೊ ವಾಪಸ್ ಕಳಿಸ್ತಾರೆ.”

“ನಿಯಮ ಕಾರ್ಡಿಗೆ. ನೀನು ಬಾಗಿಲು ಹಾಕ್ಕೊಂಡು ತೆಗೆದಿದ್ದಕ್ಕೂ ಇತ್ತಾ?”

ಅಷ್ಟರಲ್ಲಿ ಒಳಗಿನಿಂದ ಅವಳನ್ನು ಕರೆದರು. ಮೊಬೈಲನ್ನು ನನ್ನ ಮಡಿಲಿಗೆ ಎಸೆದು ಎದ್ದಳು. “ನಾನು ಆಚೆ ಬರೋಷ್ಟರಲ್ಲಿ ಅದು ಇರಬಾರದು.”

ಸಿಟ್ಟು ನೆತ್ತಿಗೇರಿತು. ಅಣ್ಣನ ಮೇಲಲ್ಲ, ಅಧಿಕಾರಿಯ ಮೇಲಲ್ಲ, ಅವಳ ಮೇಲೆ. ಅವಳು ಹೇಳಿದ್ದು ನಿಜವಾಗಿತ್ತು. ಅಳಿಸಿದೆ. ಮೊಬೈಲಿನ ಪರದೆಯ ಮೇಲೆ ಮೂವತ್ತನೆಯವಳು ಬಂದಳು, ಹೊಸ ಮದುವಣಗಿತ್ತಿ, ಅದೇ ಅಳುಮೋರೆ. ನಿಜವಾದ ಮದುವಣಗಿತ್ತಿಯನ್ನು ನಗಬೇಡಿ ಎಂದು ನಾನು ಐದು ಸಲ ಗದರಿದ್ದೆ.