ಮುಂದಿನ ಗಾಡಿ

ಉಪ್ಪಿನ ಬಯಲಿಗೆ ಜೀಪುಗಳು ಹೊರಟಾಗಲೆಲ್ಲ ಮುಂದಿನ ಗಾಡಿ ಒಟೆಂಗನದು. ಇಪ್ಪತ್ತೆರಡು ವರ್ಷದಿಂದ ಹಾಗೇ. ಮುಂದಿನವನು ನೆಲ ಓದಬೇಕು. ಉಪ್ಪಿನ ಬಿಳಿ ಹಕ್ಕಳೆ ಎಲ್ಲಿ ಗಟ್ಟಿ, ಎಲ್ಲಿ ಅದರಡಿ ಕೆಸರು ಎಂದು ತಿಳಿದು ನಡೆಸಬೇಕು. ಹಿಂದಿನವರು ಅವನ ಗಾಲಿಯ ಗುರುತು ಬಿಟ್ಟು ಗೇಣೂ ಆಚೀಚೆ ಆಗುವಂತಿಲ್ಲ. ಆ ಜಾಗ ಒಟೆಂಗನಿಗೆ ಮನೆ, ದನಕರು ಎಲ್ಲಕ್ಕಿಂತ ಮೇಲು. ಅದಕ್ಕೇ, ಕಳೆದ ಚಳಿಗಾಲದಿಂದ ಕಣ್ಣು ಮಂಜಾಗುತ್ತಿರುವುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮೊಂಡುತನಕ್ಕೆ ಮದ್ದೆಲ್ಲಿದೆ?

ಇವತ್ತು ಬೆಳಿಗ್ಗೆ ಒಣಗಿದಂತೆ ಕಂಡ ಬಿಳುಪಿನ ಮೇಲೆ ಗಾಡಿ ಹತ್ತಿಸಿದ. ದಣಿದ ಹಸು ಮಲಗುವ ಹಾಗೆ ಅದು ನಿಧಾನವಾಗಿ ಹೊಟ್ಟೆಯವರೆಗೂ ಕೆಸರಲ್ಲಿ ಕೂತಿತು.

ಹಿಂದಿನ ಗಾಡಿಯನ್ನು ದೂರದಲ್ಲೇ ನಿಲ್ಲಿಸಿ ಸೆಸುಪೊ, ಬೊನೊಲೊ ನಡೆದು ಬಂದರು. ಮೂವರೂ ಒಂದೇ ಶಾಲೆಯಲ್ಲಿ ಓದಿದವರು.

"ಏನಯ್ಯಾ ಗುರುವೇ, ನಮ್ಮಜ್ಜಿ ಕತ್ತೆನೂ ಈ ಕಡೆ ಕಾಲಿಡ್ತಿರ್ಲಿಲ್ಲ!" ಎಂದ ಸೆಸುಪೊ.

"ಬಿಸಿಲು ಕಣ್ಣಿಗೆ ಹೊಡೀತಿತ್ತು ಕಣೋ."

ಸೂರ್ಯ ಅವರ ಬೆನ್ನ ಹಿಂದಿದ್ದ. ಬೊನೊಲೊ ಸೂರ್ಯನನ್ನೊಮ್ಮೆ, ಒಟೆಂಗನನ್ನೊಮ್ಮೆ ನೋಡಿದಳು.

ಒಟೆಂಗನ ಗಾಡಿಯ ಮೂತಿಯಲ್ಲಿ ಎಳೆಯುವ ಯಂತ್ರವೇನೋ ಇತ್ತು, ಆದರೆ ಅದರ ತಂತಿ ಕಟ್ಟಲು ಕಣ್ಣಳತೆಯಲ್ಲಿ ಒಂದು ಮರವಿಲ್ಲ. ಮರವಿಲ್ಲದ ಕಡೆ ಹೆಚ್ಚುವರಿ ಚಕ್ರವೇ ಮರ. ಅದನ್ನು ಆಳವಾಗಿ ಹೂತು ತಂತಿ ಬಿಗಿಯಬೇಕು. ಸೆಸುಪೊ ತಾನೇ ಜಾಗ ಹುಡುಕಿ, ಬೆವರಿಳಿಸಿ ಅಗೆದು ಹೂತ. ಯಂತ್ರ ತಿರುಗಿದ್ದೇ ತಡ, ಚಕ್ರ ಹಾಲುಹಲ್ಲಿನಂತೆ ಕಿತ್ತು ಬಂತು.

"ನಿನ್ನ ಪಾಂಡಿತ್ಯ ಸಾಕು, ಕೂತ್ಕೋ" ಎಂದಳು ಬೊನೊಲೊ.

ಒಟೆಂಗ್ ಬೂಟು ಬಿಚ್ಚಿದ. ಕಣ್ಣು ಮುಚ್ಚಿ ಬರಿಗಾಲಲ್ಲಿ ನಡೆಯತೊಡಗಿದ. ಹಿಮ್ಮಡಿ ಊರುವನು, ನಿಲ್ಲುವನು, ಮತ್ತೆ ಸರಿಯುವನು. ದನ ಕಾಯುತ್ತಿದ್ದ ಕಾಲದಲ್ಲಿ ಬೂಟೆಲ್ಲಿತ್ತು? ಮೂವತ್ತು ಹೆಜ್ಜೆಯಾಚೆ ನಿಂತು, "ಇಲ್ಲಿ ಅಗೀರಿ" ಎಂದ.

ಮೊಣಕಾಲುದ್ದ ಅಗೆದರೂ ನೀರು ಬರಲಿಲ್ಲ. ಚಕ್ರ ಹೂತರು. ತುಂಡಾದರೆ ಚಿಮ್ಮದಿರಲೆಂದು ತಂತಿಯ ಮೇಲೆ ಕಂಬಳಿ ಹೊದಿಸಿ, ಇಬ್ಬರೂ ದೂರ ಸರಿದರು. ಒಟೆಂಗ್ ಒಳಗೆ ಕೂತು ಯಂತ್ರ ತಿರುಗಿಸಿದ. ತಂತಿ ಬಿಗಿಯಿತು. ಕೆಸರು ಲೊಚಗುಟ್ಟಿತು. ಗೇಣು ಗೇಣಾಗಿ ಗಾಡಿ ಮೇಲೆದ್ದು ಗಟ್ಟಿ ನೆಲಕ್ಕೆ ಬಂತು.

ಚಹಾ ಕುಡಿದು, ಕರಿದ ಹಿಟ್ಟಿನುಂಡೆ ಮಗ್ವಿನ್ಯಾ ತಿನ್ನುವಾಗ ಒಟೆಂಗನಿಗೆ ಇನ್ನು ತಡೆಯಲಾಗಲಿಲ್ಲ.

"ಬಿಸಿಲಲ್ಲ ಕಣ್ರೋ. ನನಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ. ಇನ್ನು ಮುಂದಿನ ಗಾಡಿ ನೀವೇ ನೋಡ್ಕೊಳ್ಳಿ."

ಸೆಸುಪೊ ಬಾಯಲ್ಲಿದ್ದ ತುತ್ತು ನುಂಗುವುದನ್ನೂ ಮರೆತ. ಒಟೆಂಗನಿಗೆ ನಾಚಿಕೆಯಾಯಿತು, ಎದೆಯ ಮೇಲಿಂದ ಕಲ್ಲು ಇಳಿದ ಹಾಗೂ ಆಯಿತು. ಅವನು ಬೂಟಿಗೆ ಕೈ ಚಾಚಿದ.

ಬೊನೊಲೊ ಅದನ್ನೆತ್ತಿ ಗಾಡಿಯ ಹಿಂಬದಿಗೆ ಎಸೆದಳು.

"ಕೀಲಿ ಕೊಡಿಲ್ಲಿ. ಮುಂದಿನ ಗಾಡಿ ನಾನು ಓಡಿಸ್ತೀನಿ. ನೀನು ನನ್ನ ಪಕ್ಕ ಕೂತ್ಕೋ. ಅನುಮಾನ ಬಂದಲ್ಲೆಲ್ಲ ನಿಲ್ಲಿಸ್ತೀನಿ, ಇಳಿದು ನಡೆದು ಹೇಳು. ಬೂಟು ಮಾತ್ರ ಹಾಕ್ಕೊಂಡ್ಯೋ, ಜೋಕೆ!"